ಏನೂ ಆಗಿಲ್ಲ ಎಂದ ಮೇಲೆ

"ಏನೂ ಆಗಿಲ್ಲ" ಎಂದು ಡಾಕ್ಟರು ಹೇಳಿದ ಮೇಲೆ ಅವನಿಗೆ ಬೇರೇನೂ ಕೇಳಿಸಲಿಲ್ಲ. ಕಿವಿಗೆ ಬೀಳಲಿಲ್ಲ ಎಂದಲ್ಲ. ಬಸ್ ನಿಲ್ದಾಣದ ಪ್ರಕಟಣೆ ಕೊಠಡಿಯಲ್ಲಿ ವರ್ಷಗಟ್ಟಲೆ ಕೂತು, ಇಂಜಿನ್ನುಗಳ ಗದ್ದಲ, ಕಂಡಕ್ಟರುಗಳ ಕೂಗು, ಕೂಸುಗಳ ಅಳು ಇವೆಲ್ಲದರ ಮೇಲೆ ತನ್ನ ದನಿ ತೇಲುತ್ತದೋ ಮುಳುಗುತ್ತದೋ ಎಂದು ಅಳೆದು ಅಳೆದು ಪಳಗಿದ ಕಿವಿ ಅವನದು. ಅದಕ್ಕೆ ಬೀಳದ ಸದ್ದೇ ಇಲ್ಲವೆಂದು ಅವನ ಜಂಬ. ಪರದೆಯ ಆಚೆ ಯಾರದೋ ಮಗುವಿಗೆ ಹೊಲಿಗೆ ಹಾಕುತ್ತಿದ್ದರು, ಕೇಳಿಸುತ್ತಿತ್ತು. ಯಾವುದೋ ಮಂಚದ ಗಾಲಿ ಕಿರುಗುಟ್ಟುತ್ತಿತ್ತು, ಅದೂ ಕೇಳಿಸುತ್ತಿತ್ತು. ಆದರೆ ಆ ಎಳೆ ಮುಖದ ಡಾಕ್ಟರು ಮಗಳು ಚಿಣ್ಣಿಯ ಕಣ್ಣಿಗೆ ಟಾರ್ಚು ಬಿಟ್ಟು, ನೆಲದ ಟೈಲ್ಸಿನ ಗೆರೆಯ ಮೇಲೆ ಅವಳನ್ನು ನಡೆಸಿ, ಕಿವಿಯ ಹಿಂದೆ ಎದ್ದಿದ್ದ ಬುಗುಟನ್ನು ಬೆರಳಿನಿಂದ ಸವರಿ, ಏನೂ ಆಗಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಏನೇನು ನೋಡಿಕೊಳ್ಳಬೇಕು ಅಂತ ಸಿಸ್ಟರ್ ಹೇಳುತ್ತಾರೆ ಎಂದದ್ದೇ ತಡ, ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಜೀವ ಸರಕ್ಕನೆ ಕೆಳಗಿಳಿಯಿತು. ಗೋಡೆಗೆ ಒರಗಿ ನಿಂತ. ಅಬ್ಬಾ, ಬದುಕಿದೆ ಎನ್ನಿಸಿತು. ಬಿದ್ದವಳು ಮಗಳು, ಬದುಕಿದ್ದು ತಾನು. ಆಮೇಲೆ ಸಿಸ್ಟರು ಬಂದರು, ಅವನ ಮುಂದೆ ನಿಂತು ಒಂದಷ್ಟು ಹೊತ್ತು ಮಾತಾಡಿದರು, ಅರ್ಥ ಆಯ್ತಾ ಎಂದರು. ಆಯ್ತು ಸಿಸ್ಟರ್ ಎಂದ. ಏನಾದರೂ ಕೇಳುವುದಿದೆಯೇ ಎಂದರು. ಏನೂ ಇಲ್ಲ ಸಿಸ್ಟರ್ ಎಂದ. ಕೈಮುಗಿದು ಬೇರೆ ಬಂದ.

ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಅವನು ಮೈಯೆಲ್ಲ ಕಿವಿಯಾಗಿ ಕೇಳಿದ್ದ, ಸುಳ್ಳಲ್ಲ. ಆದರೆ ಕೇಳಿದ್ದು ಮಾತನ್ನಲ್ಲ, ದನಿಯನ್ನು. ಶುರು ಮಾಡುವಾಗಲೇ ಎತ್ತರದಲ್ಲಿ ಶುರು ಮಾಡಿಬಿಟ್ಟರು, ಇನ್ನು ಮುಂದಕ್ಕೆ ಏರಲು ಜಾಗವೆಲ್ಲಿ? ಪ್ರತಿ ವಾಕ್ಯದ ಬಾಲವನ್ನೂ ನುಂಗುತ್ತಿದ್ದಾರೆ. ಉಸಿರು ತೆಗೆದುಕೊಳ್ಳಬಾರದ ಕಡೆ ತೆಗೆದುಕೊಳ್ಳುತ್ತಿದ್ದಾರೆ. ಗಂಟಲು ಒಣಗಿದೆ ಪಾಪ, ಬೆಳಗಿನಿಂದ ಇದನ್ನೇ ಎಷ್ಟು ಜನಕ್ಕೆ ಹೇಳಿದ್ದಾರೋ, ಒಂದು ಲೋಟ ಬಿಸಿನೀರು ಕುಡಿಯಬಾರದೇ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಇವರು ಮುಖ್ಯವಾದದ್ದನ್ನು ಒಳ್ಳೆಯ ಸುದ್ದಿಯಾದ ಮೇಲೆ ಇಟ್ಟುಕೊಂಡಿದ್ದಾರೆ. ಅವನ ಕೆಲಸದಲ್ಲಿ ಯಾರಾದರೂ ಹೀಗೆ ಮಾಡುತ್ತಾರೆಯೇ? ಮೊದಲು ಗಂಟೆ ಬಾರಿಸಬೇಕು, ಜನ ತಲೆ ಎತ್ತಬೇಕು, ಆಮೇಲೆ ಎಲ್ಲಿಗೆ ಹೋಗುವ ಬಸ್ಸು, ಯಾವ ಅಂಕಣ, ಕೊನೆಗೆ ಇನ್ನೊಂದು ಸಲ ಅದೇ. ಬಸ್ಸು ಬಂದಿದೆ ಎಂದು ಮೊದಲೇ ಹೇಳಿಬಿಟ್ಟರೆ ಜನ ಚೀಲ ಎತ್ತಿಕೊಂಡು ಓಡುತ್ತಾರೆ, ಅದರ ಮುಂದಿನದು ಯಾರ ಕಿವಿಗೆ ಬಿದ್ದೀತು? ಹೀಗೆಲ್ಲ ಹಿರಿಯ ಕಲಾವಿದನೊಬ್ಬ ಕಿರಿಯರ ಪ್ರದರ್ಶನ ನೋಡುವ ಹಾಗೆ ತಲೆದೂಗುತ್ತ ನಿಂತಿದ್ದ. ಆ ತಲೆದೂಗುವುದನ್ನೇ ಸಿಸ್ಟರು ಒಪ್ಪಿಗೆ ಎಂದುಕೊಂಡರು. ಅವರದೇನು ತಪ್ಪು?

ಆಟೋದಲ್ಲಿ ಚಿಣ್ಣಿ ಅವನ ತೊಡೆಯ ಮೇಲೆ ಕೂತು, ಡಾಕ್ಟರ ಟಾರ್ಚಿನಂಥದ್ದು ತನಗೂ ಬೇಕು ಎಂದು ಪೀಡಿಸುತ್ತಿದ್ದಳು. ಕೊಡಿಸೋಣ ಎಂದ. ಬನ್ನು ಬೇಕು ಎಂದಳು. ಕೊಡಿಸಿದ. ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಅಪ್ಪನನ್ನು ಅವಳು ಅನುಮಾನದಿಂದ ತಿರುಗಿ ನೋಡಿದಳು. ಅವಳ ಕೂದಲಿನಲ್ಲಿ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ. ಬೆಳಗ್ಗೆ ಅವನ ಕಿವಿಗಳಲ್ಲಿ ಇಯರ್‌ಫೋನ್ ಇತ್ತು, ಕಣ್ಣು ಮುಚ್ಚಿತ್ತು. ನಿಲ್ದಾಣದಲ್ಲಿ ಇನ್ನು ಮುಂದೆ ಯಂತ್ರವೇ ಹೇಳುತ್ತದಂತೆ, ಯಂತ್ರಕ್ಕೆ ದನಿ ಮಾತ್ರ ಅವನದು. ಸ್ಪಂಜು ಹೊದಿಸಿದ ಒಂದು ಕೋಣೆಯಲ್ಲಿ ಕೂರಿಸಿ ಅಂಕಿಗಳನ್ನು, ಊರುಗಳ ಹೆಸರನ್ನು, ಬರಲಿದೆ, ಹೊರಡಲಿದೆ, ತಡವಾಗಲಿದೆ ಎಂಬುದನ್ನೆಲ್ಲ ಬಿಡಿಬಿಡಿಯಾಗಿ ಹೇಳಿಸಿಕೊಂಡಿದ್ದರು. ಒಂದಕ್ಕೊಂದು ಅಂಟಿಸಬೇಡಿ ಸಾರ್, ಅಂಟಿಸುವುದು ನಮ್ಮ ಕೆಲಸ ಎಂದಿದ್ದ ಅಲ್ಲಿದ್ದವನು. ಅಂಟಿಸಿದ್ದನ್ನು ಇವತ್ತು ಬೆಳಗ್ಗೆ ಕಳಿಸಿದ್ದರು. ಮೊದಲ ಸಲ ಕೇಳಿದಾಗ ಹೊಟ್ಟೆ ಉರಿಯಿತು. ಎರಡನೆಯ ಸಲ ಪರವಾಗಿಲ್ಲ ಎನ್ನಿಸಿತು. ಮತ್ತೊಮ್ಮೆ ಕೇಳುವಾಗ, ನಾಚಿಕೆಗೇಡು, ತನ್ನ ದನಿಗೆ ತಾನೇ ಮರುಳಾಗಿ ಕಣ್ಣು ಮುಚ್ಚಿದ್ದ. ಕಣ್ಣು ತೆರೆದಾಗ ಹೊಲಿಗೆ ಯಂತ್ರದ ಮೇಜಿನ ಮೇಲೆ ನಿಂತು ಕುಣಿಯುತ್ತಿದ್ದವಳು ನೆಲದ ಮೇಲಿದ್ದಳು. ಬಾಯಿ ಅಷ್ಟಗಲ ತೆರೆದಿತ್ತು, ಮುಖ ಕೆಂಪಾಗಿತ್ತು, ಆ ತೆರೆದ ಬಾಯಿಯಿಂದ ಬರುತ್ತಿದ್ದುದು ಅವನದೇ ದನಿ: ಹೊರಡಲು ಸಿದ್ಧವಾಗಿದೆ, ಹೊರಡಲು ಸಿದ್ಧವಾಗಿದೆ. ಇಯರ್‌ಫೋನ್ ಕಿತ್ತೆಸೆದ ಮೇಲಷ್ಟೇ ಅವಳ ಅಳು ಕೇಳಿಸಿದ್ದು. ಎಷ್ಟು ಹೊತ್ತಿನಿಂದ ಅಳುತ್ತಿದ್ದಳೋ. ಅದಕ್ಕೆ ಮುಂಚೆ ಎಷ್ಟು ಹೊತ್ತು ಅಳದೆ ಸುಮ್ಮನೆ ಬಿದ್ದಿದ್ದಳೋ. ಡಾಕ್ಟರು ಮೊದಲು ಕೇಳಿದ್ದೇ ಅದನ್ನು. ಬಿದ್ದ ತಕ್ಷಣ ಅತ್ತಳಾ, ಎಚ್ಚರ ಏನಾದರೂ ತಪ್ಪಿತ್ತಾ? ಅವನು ಒಂದು ಕ್ಷಣವೂ ತಡೆಯದೆ, ತಕ್ಷಣ ಅತ್ತಳು ಡಾಕ್ಟ್ರೇ, ಎಚ್ಚರ ತಪ್ಪಲಿಲ್ಲ, ನಾನು ಪಕ್ಕದಲ್ಲೇ ಇದ್ದೆ ಎಂದುಬಿಟ್ಟಿದ್ದ. ಗಟ್ಟಿಯಾದ, ಸ್ಪಷ್ಟವಾದ, ಯಾರೂ ಅನುಮಾನಪಡದ ದನಿಯಲ್ಲಿ. ಡಾಕ್ಟರು ಅದನ್ನು ಬರೆದುಕೊಂಡು ಮುಂದಕ್ಕೆ ಹೋಗಿದ್ದರು.

ಮನೆಗೆ ಬಂದು ಬೀಗ ತೆಗೆಯುವಾಗಲೇ ಹೆಂಡತಿಯ ಫೋನು ಬಂತು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿಸುವ ವಿಭಾಗದವಳು. ಅಲ್ಲಿ ಊಟದ ಬಿಡುವು ಬಿಟ್ಟರೆ ಫೋನು ಮುಟ್ಟುವ ಹಾಗಿಲ್ಲ, ಒಳಗೆ ಹೋಗುವಾಗ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು. ಆಸ್ಪತ್ರೆಯಿಂದ ಅವನು ಕಳಿಸಿದ್ದ ಸಂದೇಶವನ್ನು ಅವಳು ನೋಡಿದ್ದು ಈಗಲೇ. ಉಸಿರು ಕಟ್ಟಿಕೊಂಡು ಏನಂದರು ಎಂದಳು. ಏನೂ ಆಗಿಲ್ಲ ಅಂದರು ಎಂದ. ಅವಳು ಬಿಟ್ಟ ಉಸಿರು ಫೋನಿನಲ್ಲಿ ಬುಸ್ಸೆಂದಿತು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ: ಮಲಗಿಸಬಹುದಾ, ಊಟ ಕೊಡಬಹುದಾ, ಏನಾದರೆ ಮತ್ತೆ ಕರೆದುಕೊಂಡು ಹೋಗಬೇಕು, ಸ್ಕ್ಯಾನು ಗೀನು ಬೇಡವಂತಾ? ಅವನು ಗಂಟಲು ಸರಿಮಾಡಿಕೊಂಡ. ಗಾಬರಿಪಡುವ ಅಗತ್ಯವಿಲ್ಲ, ಮಗುವನ್ನು ಗಮನಿಸುತ್ತಿರಬೇಕು, ವಿಶ್ರಾಂತಿ ಕೊಡಬೇಕು, ತೊಂದರೆ ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಬೇಕು ಎಂದು ಒಂದಕ್ಕೊಂದು ಅಂಟಿಸಿ ಅಂಟಿಸಿ ಹೇಳಿದ.

"ಬಸ್‌ಸ್ಟ್ಯಾಂಡ್ ದನೀಲಿ ಮಾತಾಡ್ತಿದ್ದೀರಲ್ಲ" ಎಂದಳು. "ತೊಂದರೆ ಅಂದ್ರೆ ಏನು ಅಂತ ಹೇಳಿದ್ರು, ಅದನ್ನ ಹೇಳಿ."

ಅಷ್ಟರಲ್ಲಿ ಅಲ್ಲಿ ಗಂಟೆ ಹೊಡೆಯಿತು. ನಾನು ಬರುವವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳಿ ಎಂದು ಅವಳು ಫೋನಿಟ್ಟಳು. ಬಾಗಿಲಲ್ಲೇ ನಿಂತಿದ್ದ ಅವನಿಗೆ ಮೊದಲು ಆದದ್ದು ತಪ್ಪಿಸಿಕೊಂಡ ಖುಷಿ, ಆಮೇಲೆ ಆ ಖುಷಿಯ ಮೇಲೇ ಅಸಹ್ಯ. ನೋಡಿಕೊಳ್ಳುತ್ತೇನೆ, ಆದರೆ ಏನನ್ನು? ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದ. ನೋವಿನ ಒಂದು ಔಷಧಿಯ ಹೆಸರು, ಕೆಳಗೊಂದು ಸಹಿ, ಅಷ್ಟೇ. ಮಿಕ್ಕಿದ್ದೆಲ್ಲ ಬಾಯಿಮಾತು, ಅದು ಅವನ ಕಿವಿಯವರೆಗೆ ಬಂದು ಅಲ್ಲೇ ನಿಂತಿತ್ತು. ನೆನಪಿಸಿಕೊಳ್ಳಲು ಕೂತ. ಸಿಸ್ಟರ ದನಿಯ ಏರಿಳಿತವೆಲ್ಲ ಚಾಚೂ ತಪ್ಪದೆ ನೆನಪಾಯಿತು. ಬೇಕಾದರೆ ಗುನುಗಿ ತೋರಿಸಬಲ್ಲ: ಇಲ್ಲಿ ಎತ್ತರ, ಇಲ್ಲಿ ಕೆಮ್ಮು, ಇಲ್ಲಿ ಬಾಲ ನುಂಗಿದರು, ಇಲ್ಲಿ 'ಎರಡು' ಎಂದರು. ಎರಡು ಏನು? ಎರಡು ಗಂಟೆಯೇ, ಎರಡು ಸಲವೇ, ಎರಡು ದಿನವೇ? 'ನಿದ್ದೆ' ಎಂಬುದೂ ಇತ್ತು, ಅದರ ಹಿಂದೆ ಬೇಕು ಇತ್ತೋ ಬಾರದು ಇತ್ತೋ, ಆ ಬಾಲವನ್ನೇ ಅವರು ನುಂಗಿದ್ದು. ನುಂಗಿದರೋ, ತಾನೇ ಆಗ ಅವರ ಉಸಿರಿನ ಲೆಕ್ಕ ಹಾಕುತ್ತಿದ್ದನೋ. ತಲೆ ಚಚ್ಚಿಕೊಳ್ಳಬೇಕು ಎನ್ನಿಸಿತು. ಒಬ್ಬ ಮುದುಕ ನೆನಪಾದ. ಒಂದು ಸಂಜೆ ಪ್ರಕಟಣೆ ಕೊಠಡಿಯ ಕಿಟಕಿಗೆ ಬಂದು, ಎಷ್ಟು ಚೆನ್ನಾಗಿ ಹೇಳ್ತೀಯಪ್ಪಾ, ಕೇಳ್ತಾ ಇದ್ರೆ ಕೇಳ್ತಾನೇ ಇರಬೇಕು ಅನ್ಸುತ್ತೆ, ಅಂತ ಎರಡೂ ಕೈ ಹಿಡಿದುಕೊಂಡು ಹೊಗಳಿದ್ದ. ಹೊಗಳಿ ಮುಗಿದ ಮೇಲೆ ತನ್ನ ಬಸ್ಸು ಯಾವಾಗ ಎಂದು ಕೇಳಿದ. ಅದು ಆಗಷ್ಟೇ ಹೊರಟಿತ್ತು, ಮುದುಕ ಕೇಳುತ್ತ ನಿಂತಿದ್ದ ಪ್ರಕಟಣೆ ಅದರದ್ದೇ. ಆ ಕತೆಯನ್ನು ಕ್ಯಾಂಟೀನಿನಲ್ಲಿ ಎಷ್ಟು ಸಲ ಹೇಳಿ ನಗಿಸಿಲ್ಲ. ಮುದುಕನ ದನಿಯನ್ನೂ ಅಣಕಿಸಿ ತೋರಿಸುತ್ತಿದ್ದ. ಪಾಪ, ಅವನಿಗೆ ಮುಂದಿನ ಬಸ್ಸಾದರೂ ಇತ್ತು.

ಫೋನು ಮಾಡಿ ಕೇಳಬಹುದಿತ್ತು. ಚೀಟಿಯ ತಲೆಯ ಮೇಲೆ ಆಸ್ಪತ್ರೆಯ ನಂಬರು ಅಷ್ಟು ದಪ್ಪಕ್ಕೆ ಇತ್ತು. ಮಾಡಿದರೆ ಏನೆಂದು ಹೇಳುವುದು? ಈಗ ತಾನೇ ಎದುರಿಗೆ ನಿಂತು ಆಯ್ತು ಸಿಸ್ಟರ್ ಎಂದು ಕೈಮುಗಿದು ಬಂದವನು ನಾನು, ನೀವು ಹೇಳಿದ್ದರಲ್ಲಿ ಒಂದಕ್ಷರ ಗೊತ್ತಿಲ್ಲ ಎನ್ನುವುದೇ? ಅದಕ್ಕಿಂತ, ಡಾಕ್ಟ್ರೇ, ನಾನು ಪಕ್ಕದಲ್ಲಿರಲಿಲ್ಲ, ಇದ್ದೂ ಇರಲಿಲ್ಲ ಎನ್ನುವುದೇ? ಸ್ವಲ್ಪ ಹೊತ್ತು ನೋಡೋಣ, ಆಡಿಕೊಂಡಿದ್ದಾಳಲ್ಲ ಎಂದು ಫೋನನ್ನು ಮೇಜಿನ ಮೇಲಿಟ್ಟ. ತಪ್ಪು ಮಾಡಿದವನ ಪ್ರೀತಿ ಧಾರಾಳ. ಬನ್ನಿನ ಮೇಲೆ ಒಂದು ಲೋಟ ಹಾಲು ಕುಡಿಸಿದ, ಹಾಲಿನ ಮೇಲೆ ಬಿಸ್ಕತ್ತು, ಅದರ ಮೇಲೆ ಅರ್ಧ ಬಾಳೆಹಣ್ಣು. ತಿಂದವಳು ಅವನ ಭುಜಕ್ಕೆ ತಲೆಯಿಟ್ಟು ಆಕಳಿಸಿದಳು. ಇದು ದಿನಾ ಮಧ್ಯಾಹ್ನದ ಆಕಳಿಕೆಯೋ, ಸಿಸ್ಟರು ಹೇಳಿದ್ದ ಆ ಇನ್ನೊಂದೋ? ಮಲಗಬೇಡ ಮಗಳೇ, ಅಪ್ಪ ಕೋತಿ ಆಗಲಾ ಎಂದ. ಕೋತಿಯಾದ. ಕುದುರೆಯಾದ. ಪಾತ್ರೆ ಬಡಿದ. ಕೈಹಿಡಿದು ಕುಣಿಸಿದ. ಕೆಳಗಿನ ಮನೆಯವರು ಸೂರಿಗೆ ಏನೋ ಕುಟ್ಟಿ ಎಚ್ಚರಿಕೆ ಕೊಟ್ಟರು. ನಿದ್ದೆಗಣ್ಣಿನ ಚಿಣ್ಣಿ, ಅಪ್ಪಾ ನಿಂಗೇನಾಗಿದೆ, ಬಿಡು ನನ್ನ ಎಂದು ಅತ್ತಳು. ಅಳು ಕಂಡು ಅವನಿಗೆ ಒಂದು ಗಳಿಗೆ ಹಾಯೆನಿಸಿತು, ಅಳುವವಳು ಎಚ್ಚರವಾಗಿದ್ದಾಳೆ ಎಂದಾಯಿತಲ್ಲ. ಮಗಳು ಅತ್ತರೆ ಸಮಾಧಾನಪಡುವ ಗತಿ ಬಂತೇ ಎಂದು ಮತ್ತೊಂದು ಗಳಿಗೆ ಕಣ್ಣು ತುಂಬಿತು. ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಆಗಲೇ ಅವಳು ಅವನ ಬೆನ್ನಿನ ಮೇಲೆ, ಕಾಲರಿನಿಂದ ಹಿಡಿದು ಸೊಂಟದವರೆಗೆ, ಬಿಸಿಬಿಸಿಯಾಗಿ ಎಲ್ಲವನ್ನೂ ಕಕ್ಕಿಬಿಟ್ಟಳು.

ಅಂಗಿ ಬದಲಿಸಬೇಕೆಂದೂ ಹೊಳೆಯಲಿಲ್ಲ. ಒದ್ದೆ ಬಟ್ಟೆಯಿಂದ ಅವಳ ಬಾಯಿ ಒರೆಸಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಓಡಿದ. ಆಟೋದವನು ಮೂಗು ಮುಚ್ಚಿಕೊಂಡೇ ಹತ್ತಿಸಿಕೊಂಡ, ಮಗುವಿನ ಮುಖ ನೋಡಿ ಗಾಡಿ ಜೋರಾಗಿ ಬಿಟ್ಟ. ದಾರಿಯುದ್ದಕ್ಕೂ ಅವನ ತಲೆಯಲ್ಲಿ 'ಎರಡು' 'ಎರಡು' ಎಂದು ಸಿಸ್ಟರ ಒಡೆದ ದನಿ. ಚಿಣ್ಣಿ ಹೆಗಲ ಮೇಲೆ ಮೆತ್ತಗೆ ಮಲಗಿದ್ದಳು. ಚಿಣ್ಣೀ ಎಂದ. ಹೂಂ ಎಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಚಿಣ್ಣೀ ಎಂದ. ಹೂಂ. ಆ ಹೂಂ ಮೊದಲಿಗಿಂತ ಸಣ್ಣದಾಯಿತೇ? ಅವನ ಬದುಕಿನಲ್ಲಿ ಯಾವ ದನಿಯನ್ನೂ ಇಷ್ಟು ಹಸಿದು ಕೇಳಿರಲಿಲ್ಲ. ಏನಾದರೂ ಆದರೆ, ಎಂದು ಯೋಚನೆ ಶುರುವಾಗುತ್ತಿತ್ತು, ಆ ಏನಾದರೂ ಎಂಬಲ್ಲೇ ನಿಂತುಬಿಡುತ್ತಿತ್ತು. ಆಸ್ಪತ್ರೆ ಸಿಕ್ಕಿತು. ತುರ್ತು ಚಿಕಿತ್ಸೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದರೆ, ಮೊದಲ ಪರದೆಯ ಪಕ್ಕದಲ್ಲಿ ಅದೇ ಸಿಸ್ಟರು ಒಬ್ಬ ತಾಯಿಗೆ ಹೇಳುತ್ತಿದ್ದರು. ತಾಯಿ ಬಗ್ಗಿ ಮಗನ ಶೂ ಲೇಸು ಕಟ್ಟುತ್ತ, ಆಯ್ತು, ಆಯ್ತು, ಆಯ್ತು ಎನ್ನುತ್ತಿದ್ದಳು. ಅವಳ ಮುಖದಲ್ಲಿದ್ದ ಆ ಬಿಡುಗಡೆಯ ಕಳೆ ಅವನಿಗೆ ಎಷ್ಟು ಪರಿಚಿತವಾಗಿತ್ತೆಂದರೆ ಅಲ್ಲೇ ಕೂಗಿ ಹೇಳಬೇಕು ಎನ್ನಿಸಿತು, ತಾಯಿ, ನಿಮಗೆ ಏನೂ ಕೇಳಿಸುತ್ತಿಲ್ಲ ಎಂದು.

ಸಿಸ್ಟರು ತಿರುಗಿದರು. ಅವನ ಅಂಗಿ ನೋಡಿದರು, ಮಗುವನ್ನು ನೋಡಿದರು. ಕೈ ಆಗಲೇ ಚಿಣ್ಣಿಯ ನಾಡಿ ಹಿಡಿದಿತ್ತು. ಬೆಳಗ್ಗೆ ಬಿದ್ದಳೆಂದು ಇಲ್ಲಿಗೇ ಕರೆತಂದಿದ್ದೆ, ಈಗ ವಾಂತಿ ಮಾಡಿದಳು ಎಂದ. ಎಷ್ಟು ಸಲ ಎಂದರು. ಒಂದೇ ಸಲ. ಒಂದೇ ಸಲಕ್ಕೆ ಬಂದಿರಾ ಎಂದು ಕೇಳಿದರು, ಗದರಿಸುವ ಹಾಗೇನೂ ಇರಲಿಲ್ಲ. ಬೆಳಗ್ಗೆ ಇಲ್ಲಿಂದ ಹೋಗುವಾಗ ಯಾರೂ ಹೇಳಲಿಲ್ಲವೇ? ಅವರಿಗೆ ಅವನ ಗುರುತೇ ಸಿಕ್ಕಿರಲಿಲ್ಲ. ಇದೊಂದು ದಾರಿಯಿತ್ತು. ಯಾರೂ ಹೇಳಲಿಲ್ಲ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು, ಬೈಗುಳ ಬೇರೆ ಯಾರದೋ ತಲೆಗೆ ಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು, ಗಟ್ಟಿಯಾದ, ಸ್ಪಷ್ಟವಾದ ದನಿಯಲ್ಲಿ. ಚಿಣ್ಣಿ ಹೆಗಲ ಮೇಲೆ ಒಮ್ಮೆ ಬಿಕ್ಕಳಿಸಿದಳು.

"ನೀವೇ ಹೇಳಿದ್ರಿ ಸಿಸ್ಟರ್. ನಾನು ಕೇಳಿಸ್ಕೊಳ್ಳಲಿಲ್ಲ. ಆಯ್ತು ಆಯ್ತು ಅಂದೆ ಅಷ್ಟೇ, ಒಂದೂ ತಲೆಗೆ ಹೋಗಲಿಲ್ಲ." ಜಾರುತ್ತಿದ್ದ ಟವೆಲ್ಲನ್ನು ಮೇಲಕ್ಕೆ ಎಳೆದ. "ಇನ್ನೊಂದಿದೆ. ಬಿದ್ದ ತಕ್ಷಣ ಅತ್ತಳು ಅಂತ ಡಾಕ್ಟರಿಗೆ ಹೇಳಿದ್ನಲ್ಲ, ಅದು ಸುಳ್ಳು. ಅತ್ತಳೋ ಇಲ್ವೋ ನಂಗೊತ್ತಿಲ್ಲ. ನಾನು ಕಿವೀಲಿ ಇಯರ್‌ಫೋನ್ ಹಾಕ್ಕೊಂಡಿದ್ದೆ."

ಇಷ್ಟು ಕೆಟ್ಟದಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ. ದನಿ ಎಲ್ಲೆಲ್ಲೋ ಒಡೆಯಿತು, ಕೊನೆಯ ಮಾತನ್ನು ನುಂಗಿದ. ಸಿಸ್ಟರು ಅವನ ತೋಳು ಹಿಡಿದು ಪರದೆಯ ಒಳಗೆ ಕರೆದುಕೊಂಡು ಹೋಗಿ, ಮಗುವನ್ನು ಮಂಚದ ಮೇಲೆ ಕೂರಿಸಿ, ಡಾಕ್ಟರನ್ನು ಕರೆತಂದು, ಅವನ ಪರವಾಗಿ ತಾವೇ ಎರಡೇ ಮಾತಿನಲ್ಲಿ ವಿಷಯ ಹೇಳಿದರು. ಡಾಕ್ಟರ ಎಳೆ ಮುಖ ಒಂದು ಕ್ಷಣ ಬಿಗಿಯಾಯಿತು. ಇನ್ನೇನು ಬೈಯುತ್ತಾರೆ, ಬೈಯಲಿ, ಹೊಡೆದರೂ ಸೈ ಎಂದು ಅವನು ತಲೆ ತಗ್ಗಿಸಿ ನಿಂತ. ಡಾಕ್ಟರು ಅವನ ಕಡೆ ನೋಡದೆ ಕುರ್ಚಿ ಎಳೆದುಕೊಂಡು ಚಿಣ್ಣಿಯ ಎದುರು ಕೂತು, ಟಾರ್ಚನ್ನು ಅವಳ ಕೈಗೇ ಕೊಟ್ಟು, ಬೆಳಗ್ಗೆ ಬಿದ್ದೆಯಲ್ಲ, ಹೇಗೆ ಬಿದ್ದೆ ಹೇಳಮ್ಮ ಎಂದರು. ಬೆಳಗ್ಗೆ ಅವಳನ್ನು ಯಾರೂ ಕೇಳಿರಲಿಲ್ಲ. ಅಪ್ಪ ಅಷ್ಟು ಸ್ಪಷ್ಟವಾಗಿ ಎಲ್ಲಾ ಹೇಳುತ್ತಿರುವಾಗ ಮಗುವನ್ನು ಕೇಳುವವರು ಯಾರು?

ಚಿಣ್ಣಿ ಟಾರ್ಚು ಹೊತ್ತಿಸಿ ಆರಿಸಿ ಹೊತ್ತಿಸಿ ಹೇಳಿದಳು. ಅಮ್ಮನ ಮಿಷನ್ ಮೇಲೆ ಹತ್ತಿ ಕುಣಿಯುತ್ತಿದ್ದಳಂತೆ. ಕಾಲು ಜಾರಿ ಡಬ್ ಅಂತ ಸದ್ದು ಬಂತಂತೆ. ಆ ಸದ್ದು ತನ್ನ ತಲೆಯದು ಅಂತ ಆಮೇಲೆ ಗೊತ್ತಾಯಿತಂತೆ. ಕುರ್ಚಿಯ ಕೆಳಗೆ ಅವಳ ಕಳೆದುಹೋದ ಕೆಂಪು ಕ್ಲಿಪ್ಪು ಕಂಡಿತಂತೆ. ಆಮೇಲೆ ಏನು ಮಾಡಿದೆ ಎಂದರು ಡಾಕ್ಟರು.

"ಅತ್ತೆ. ಅಪ್ಪಾ ಅಪ್ಪಾ ಅಂತ ಕೂಗ್ದೆ. ಅಪ್ಪ ಕಣ್ಣು ಮುಚ್ಕೊಂಡು ನಗ್ತಾ ಇದ್ದ. ಅದಕ್ಕೆ ಇನ್ನೂ ಜೋರಾಗಿ ಅತ್ತೆ."

ಅವನ ಮುಖಕ್ಕೆ ರಕ್ತ ನುಗ್ಗಿತು, ಕಿವಿಗಳು ಕಾದವು, ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದ. ನಗ್ತಾ ಇದ್ದನಂತೆ. ಹೌದು, ನಗುತ್ತಲೇ ಇದ್ದಿರಬೇಕು, ಅಷ್ಟು ಇಂಪಾಗಿತ್ತಲ್ಲ ದನಿ. ಆದರೆ ಡಾಕ್ಟರ ಮುಖ ಸಡಿಲವಾಯಿತು, ಅವರು ಸಿಸ್ಟರ ಕಡೆ ನೋಡಿದರು, ಸಿಸ್ಟರು ತಲೆಯಾಡಿಸಿದರು. ಬಿದ್ದದ್ದರಿಂದ ಹಿಡಿದು ಕೊನೆಯವರೆಗೆ ಎಲ್ಲವೂ ನೆನಪಿದೆ, ನಡುವೆ ಎಲ್ಲೂ ತುಂಡಾಗಿಲ್ಲ, ಎಚ್ಚರ ತಪ್ಪಿದ ಹಾಗೆ ಕಾಣುವುದಿಲ್ಲ, ಒಳ್ಳೆಯದೇ ಆಯಿತು ಎಂದರು ಡಾಕ್ಟರು. ಮಧ್ಯಾಹ್ನ ಏನು ತಿಂದೆ ಎಂದು ಅವಳನ್ನೇ ಕೇಳಿದರು. ಬನ್ನು, ಹಾಲು, ಬಿಸ್ಕತ್ತು, ಬಾಳೆಹಣ್ಣು, ಆಮೇಲೆ ಅಪ್ಪ ನನ್ನನ್ನ ಕುಣಿಸಿದ ಎಂದಳು. ಡಾಕ್ಟರು ನಗು ತಡೆಯಲಾರದೆ ಟಾರ್ಚು ಇಸಕೊಂಡು ಮತ್ತೆ ಅವಳ ಕಣ್ಣು ನೋಡಿದರು, ಕೈಕಾಲು ಆಡಿಸಿ ನೋಡಿದರು. ಸಂಜೆಯವರೆಗೆ ಇಲ್ಲೇ ಇರಲಿ, ನಾವೇ ನೋಡುತ್ತಿರುತ್ತೇವೆ, ಆಮೇಲೆ ಕಳಿಸೋಣ ಎಂದರು. ಇಷ್ಟು ಹೊತ್ತು ಅವನ ಬೆವರಿದ ಮುಷ್ಟಿಯಲ್ಲಿದ್ದ ಮಗು ಈಗ ಇಷ್ಟು ಜನರ ಕೈಯಲ್ಲಿತ್ತು. ಅವನು ಮಂಚದ ಅಂಚಿಗೆ ಕೂತು, ಗಲೀಜು ಅಂಗಿಯಲ್ಲೇ, ಸದ್ದಿಲ್ಲದೆ ಅತ್ತ. ಅವಮಾನ ಯಾವುದು ಸಮಾಧಾನ ಯಾವುದು ಎಂದು ಬೇರೆ ಮಾಡಲು ಆಗಲಿಲ್ಲ, ಎರಡೂ ಒಟ್ಟಿಗೇ ಇಳಿದವು. ಮಗಳು ನಿದ್ದೆಹೋದಳು. ಮಲಗಲಿ ಬಿಡಿ, ಮಲಗಿದರೆ ಏನೂ ತಪ್ಪಿಲ್ಲ ಎಂದರು ಸಿಸ್ಟರು. ಇಡೀ ಮಧ್ಯಾಹ್ನ ಕೋತಿಯಾಗಿ ಕುದುರೆಯಾಗಿ ಪಾತ್ರೆ ಬಡಿದವನು ಹ್ಯಾಪು ಮೋರೆ ಹಾಕಿಕೊಂಡು ಅವರನ್ನು ನೋಡಿದ.

ಬಿಸಿಲಿಳಿಯುವ ಹೊತ್ತಿಗೆ, ಎರಡನೆಯ ಸಲ ಕಳಿಸುವ ಮುಂಚೆ, ಸಿಸ್ಟರು ಸ್ಟೂಲು ತಂದು ಅವನ ಎದುರು ಕೂತರು. ತಮ್ಮ ಪಾಳಿ ಮುಗಿದಿತ್ತಂತೆ, ಆದರೂ ಕೂತರು. ನಾನು ಆಯ್ತಾ ಅಂತ ಕೇಳೋದು, ನೀವು ಆಯ್ತು ಅನ್ನೋದು, ಇಬ್ಬರಿಗೂ ಅಭ್ಯಾಸ ಆಗಿಬಿಟ್ಟಿದೆ, ಅದು ಬೇಡ ಎಂದರು. ತಾವು ಒಂದೊಂದೇ ಹೇಳುವುದಂತೆ, ಅವನು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದಂತೆ, ಮನೆಯಲ್ಲಿ ಹೆಂಡತಿಗೆ ಹೇಗೆ ಹೇಳುತ್ತಾನೋ ಹಾಗೆ. ಹೇಳಿದರು. ಮಲಗಲಿ, ಆದರೆ ರಾತ್ರಿ ಆಗಾಗ ಎಬ್ಬಿಸಿ ಮಾತಾಡಿಸಿ ನೋಡಬೇಕು. ಅವನು ತಿರುಗಿ ಹೇಳಿದ. ಎಬ್ಬಿಸಿದರೆ ಹೇಗೆ ಏಳಬೇಕು ಎಂದು ಕೇಳಿದರು. ಅವನು ತಡವರಿಸಿದಾಗ, ನಿಮ್ಮ ಮಗಳು ಯಾವಾಗಲೂ ಹೇಗೆ ಏಳುತ್ತಾಳೋ ಹಾಗೆ, ಸಿಡುಕಿದರೂ ಪರವಾಗಿಲ್ಲ ಎಂದರು. ಒಂದು ಸಲ ವಾಂತಿಗೆ ಹೆದರಬೇಕಿಲ್ಲ, ಎರಡು ಸಲಕ್ಕಿಂತ ಹೆಚ್ಚಾದರೆ ಬರಬೇಕು. ಓಹೋ, ಎರಡು ಇದೇನಾ ಎಂದ ಅವನು ತನ್ನಷ್ಟಕ್ಕೆ. ತಲೆನೋವು ಜಾಸ್ತಿಯಾಗುತ್ತಾ ಹೋದರೆ, ಎಬ್ಬಿಸಿದರೂ ಏಳದಿದ್ದರೆ, ಮಾತು ತೊದಲಿದರೆ, ನಡಿಗೆ ವಾಲಿದರೆ, ಫಿಟ್ಸ್ ಬಂದರೆ ಒಂದು ನಿಮಿಷವೂ ಕಾಯಬಾರದು. ಹೊಟ್ಟೆಗೆ ಇವತ್ತು ಹಗುರಾದದ್ದು, ಸ್ವಲ್ಪ ಸ್ವಲ್ಪ. ಔಷಧಿ ಬರೆದುಕೊಟ್ಟದ್ದು ಬಿಟ್ಟು ಬೇರೆ ಬೇಡ. ಅವನು ಹೇಳುತ್ತ ಹೋದ, ಒಂದು ಬಿಟ್ಟ, ಅವರು ಕಾದರು, ಅವನೇ ನೆನಪಿಸಿಕೊಂಡ. ದನಿ ಹೇಗಿದೆಯೆಂದು ಅವನು ಒಂದು ಸಲವೂ ಗಮನಿಸಲಿಲ್ಲ. ಕೊನೆಗೆ ಸಿಸ್ಟರು ಮೊಣಕಾಲಿಗೆ ಕೈಯೂರಿ ಎದ್ದು, ಬೆಳಗ್ಗೆ ಹೀಗೆ ಕೇಳಿದ್ದರೆ ನಿಮ್ಮ ಅಂಗಿ ಉಳೀತಿತ್ತು ಎಂದು ನಕ್ಕರು.

ಹೆಂಡತಿ ಕಾರ್ಖಾನೆಯಿಂದ ಮನೆಗೆ ಬಂದಾಗ ಇವರೂ ಆಗಷ್ಟೇ ಬಂದಿದ್ದರು. ಅವಳು ಚಪ್ಪಲಿ ಬಿಟ್ಟು ನೆಟ್ಟಗೆ ಮಂಚದ ಹತ್ತಿರ ಹೋಗಿ, ಮಲಗಿದ್ದ ಮಗಳ ಹಣೆ, ಕೆನ್ನೆ, ಕೈಬೆರಳು ಎಲ್ಲ ಮುಟ್ಟಿ ನೋಡಿ, ಬುಗುಟಿನ ಸುತ್ತ ಕೂದಲು ಸರಿಸಿ ನೋಡಿ, ನಿಟ್ಟುಸಿರು ಬಿಟ್ಟು ನೆಲದ ಮೇಲೆ ಕೂತಳು. ಅವಳ ಸೀರೆಯ ಸೆರಗಿನ ತುಂಬ ಬಟ್ಟೆಯ ನೂಲು ಅಂಟಿತ್ತು. ಅವನು ಎದುರಿಗೆ ಕೂತು ಮೊದಲಿಂದ ಹೇಳಿದ. ಸಿಸ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದ. ನಡುವೆ, ವಾಂತಿಗೂ ಔಷಧಿಗೂ ಮಧ್ಯೆ, ಬೆಳಗ್ಗೆ ತಾನು ಕಿವಿಯಲ್ಲಿ ಅದನ್ನು ಸಿಕ್ಕಿಸಿಕೊಂಡು ಕೂತಿದ್ದದ್ದನ್ನೂ, ಮಗಳು ಕೂಗಿದ್ದನ್ನೂ, ಡಾಕ್ಟರಿಗೆ ಸುಳ್ಳು ಹೇಳಿದ್ದನ್ನೂ, ಮಧ್ಯಾಹ್ನ ಅವಳಿಗೆ ಹೇಳಿದ್ದೆಲ್ಲ ಬಾಯಿಗೆ ಬಂದದ್ದು ಎಂಬುದನ್ನೂ ಸೇರಿಸಿದ. ಸೇರಿಸಿ ತಕ್ಷಣ ಮುಂದಕ್ಕೆ ಹೋದ, ಹಗುರಾದ ಊಟ, ಸ್ವಲ್ಪ ಸ್ವಲ್ಪ ಎಂದ. ಅವಳು ಅವನ ಮುಖದ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಮುಗಿಸಿದ ಮೇಲೆ ಅವನು, ಸಿಸ್ಟರು ಕಲಿಸಿಕೊಟ್ಟ ಹಾಗೆ, ಈಗ ನೀನು ತಿರುಗಿ ಹೇಳು ಎಂದ. ಕೇಳಿದ ಮೇಲೆ, ಯಾಕಾದರೂ ಕೇಳಿದೆನೋ ಎನ್ನಿಸಿತು.

ಅವಳು ಬೆರಳು ಮಡಚುತ್ತ ಹೇಳಿದಳು. ಎಬ್ಬಿಸಬೇಕು, ಮಾತಾಡಿಸಬೇಕು. ಎರಡು ಸಲದ ಮೇಲೆ ವಾಂತಿಯಾದರೆ ಹೋಗಬೇಕು. ತಲೆನೋವು, ತೊದಲು, ವಾಲುವುದು, ಫಿಟ್ಸ್, ಎಬ್ಬಿಸಿದರೂ ಏಳದಿರುವುದು. ಒಂದೂ ತಪ್ಪಲಿಲ್ಲ, ಕಾರ್ಖಾನೆಯಲ್ಲಿ ಅಳತೆ ಹೇಳಿದ ಹಾಗೆ ಹೇಳಿದಳು. ಊಟ ಹಗುರಾದದ್ದು, ಔಷಧಿ ಬರೆದದ್ದು ಮಾತ್ರ. ಅಲ್ಲಿಗೆ ನಿಂತಳು. ಮುಗಿಯಿತು ಎಂದು ಅವನು ಎದ್ದೇಳಲು ಹೊರಟ. ಅವಳು ಇನ್ನೊಂದು ಬೆರಳು ಮಡಚಿದಳು.

"ಆಮೇಲೆ, ಅವಳು ಬಿದ್ದು ಅಪ್ಪಾ ಅಪ್ಪಾ ಅಂತ ಕೂಗಿದ್ಲು. ನಿಮಗೆ ಕೇಳಿಸಲಿಲ್ಲ. ಡಾಕ್ಟರಿಗೂ ಸುಳ್ಳು ಹೇಳಿದ್ರಿ, ನನಗೂ ಹೇಳಿದ್ರಿ. ಆಮೇಲೆ ಹೋಗಿ ನಿಜ ಹೇಳಿದ್ರಿ." ಮಡಚಿದ ಬೆರಳುಗಳನ್ನು ಅವನ ಮುಂದೆ ಹಿಡಿದಳು. "ಸರಿಯಾಗಿ ಹೇಳಿದ್ನಾ?"

"ಸರಿಯಾಗಿ ಹೇಳ್ದೆ" ಎಂದ ಅವನು.

ಅವಳು ಬೈಯುತ್ತಾಳೆಂದು ಕಾದ. ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ಇದ್ದ ಕಾಲುಗಳನ್ನು ಅವಳು ಉದ್ದಕ್ಕೆ ಚಾಚಿ, ಮಂಚದ ಪಕ್ಕ ನೆಲದ ಮೇಲೆ ಒಂದು ಚಾದರ ಹಾಸಿ, ತಲೆಯ ಕೆಳಗೆ ತೋಳಿಟ್ಟು ಮಲಗಿದಳು.

"ನಂಗೆ ಸಾಕಾಗಿದೆ, ಸ್ವಲ್ಪ ಹೊತ್ತು ಕಣ್ಣು ಮುಚ್ತೀನಿ" ಎಂದಳು. "ನೀವು ಕೇಳಿಸ್ಕೊಳ್ತಾ ಇರಿ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಮಗಳನ್ನು ಅವನ ಕೈಗೆ ಬಿಟ್ಟು, ಏನೂ ಆಗದ ಮನೆಯಲ್ಲಿ ಮಲಗುವ ಹಾಗೆ, ಬಾಯಿ ಸ್ವಲ್ಪ ತೆರೆದು ಮಲಗಿಬಿಟ್ಟಳು. ಅವನು ಗೋಡೆಗೆ ಬೆನ್ನು ಕೊಟ್ಟು ಕೂತ. ಬೀದಿಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು, ಕೆಳಗಿನ ಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಅವನು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು, ಮಂಚದ ಇನ್ನೂ ಹತ್ತಿರಕ್ಕೆ ಸರಿದು ಕೂತ.